ಮ್ಯಾಪಲ್ಲಿ ಕಾಣದ ಬೋಟು: ಕಡಲಲ್ಲಿ ಡಿಕ್ಕಿ ತಪ್ಪಿಸೋ ಲೆಕ್ಕ ಏನು?

ಪಿ.ಜೆ. ಬಡಾವಣೆಯ ನಮ್ಮ ಮನೆ ಮಹಡಿ ರೂಮಿಂದ ಮಾತಾಡ್ತಿದ್ದೀನಿ. ದಾವಣಗೆರೆಗೂ ಸಮುದ್ರಕ್ಕೂ ಏನ್ರಿ ಸಂಬಂಧ, ನಮಗೆ ಹರಿಹರದ ತುಂಗಭದ್ರೆಯೇ ದೊಡ್ಡ ನೀರು ಅಂತೀರಾ? ಸ್ವಲ್ಪ ಕೇಳಿ.

ನನ್ನ ಜೊತೆ ಬಿ.ಕಾಂ ಓದಿದ ಗೆಳೆಯನೊಬ್ಬ ಮಲ್ಪೆಯವನು. ಅವನ ಮಾವ ಆಳಸಮುದ್ರದ ಬೋಟಿಗೆ ಹೋಗ್ತಾರೆ. ಅವರು ಕಡಲಿಗಿಳಿದ ದಿನದಿಂದ ಅತ್ತೆ ರಾತ್ರಿ ಮೊಬೈಲಲ್ಲಿ ಹಡಗಿನ ಮ್ಯಾಪ್ ತೆಗೆದು ಕೂರ್ತಾರೆ. ದೊಡ್ಡ ಹಡಗುಗಳೆಲ್ಲ ಕಾಣ್ತವೆ, ಗಂಡನ ಬೋಟು ಕಾಣಲ್ಲ. "ಇವರದ್ದು ಮಾತ್ರ ಯಾಕಿಲ್ಲ?" ಅಂತ ಅವನನ್ನ ಕೇಳಿದ್ರು. ಅವನು ನನ್ನನ್ನ ಕೇಳಿದ.

ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. 2021ರ ಏಪ್ರಿಲ್ 13ರ ನಡುರಾತ್ರಿ ಕಳೆದ ಮೇಲೆ, ನವ ಮಂಗಳೂರಿನಿಂದ ಸುಮಾರು 43 ನಾಟಿಕಲ್ ಮೈಲಿ, ಅಂದ್ರೆ ಹತ್ತಿರ ಹತ್ತಿರ 80 ಕಿಲೋಮೀಟರ್ ದೂರದಲ್ಲಿ, ಕೇರಳದ ಬೇಪೂರಿನ 'ರಬಾ' ಬೋಟಿಗೂ ಸಿಂಗಾಪುರ ಧ್ವಜದ 'ಎಪಿಎಲ್ ಲೆ ಹಾವ್ರೆ' ಹಡಗಿಗೂ ಡಿಕ್ಕಿಯಾಯ್ತು. ಬೋಟಲ್ಲಿದ್ದ 14 ಜನರಲ್ಲಿ ಜೀವಂತ ಸಿಕ್ಕಿದ್ದು ಇಬ್ಬರೇ.

ಈಗ ಮ್ಯಾಪಿನ ವಿಷಯ. ಅದರಲ್ಲಿ ಕಾಣೋದು ಎಐಎಸ್ ಅನ್ನೋ ವ್ಯವಸ್ಥೆಯ ಸಂಕೇತ. ಹಡಗಿನಲ್ಲಿರೋ ಒಂದು ಪೆಟ್ಟಿಗೆ ವಿಎಚ್‌ಎಫ್ ರೇಡಿಯೋದಲ್ಲಿ ತನ್ನ ಗುರುತಿನ ಸಂಖ್ಯೆ, ಜಾಗ, ವೇಗ, ದಿಕ್ಕು ಇಷ್ಟನ್ನೂ ಸಾರ್ತಾ ಇರುತ್ತೆ. ದೊಡ್ಡ ಹಡಗು ಚಲಿಸ್ತಿದ್ರೆ 2ರಿಂದ 10 ಸೆಕೆಂಡಿಗೊಮ್ಮೆ, ಲಂಗರು ಹಾಕಿ ನಿಂತಿದ್ರೆ 3 ನಿಮಿಷಕ್ಕೊಮ್ಮೆ. ಗುರುತಿನ ಸಂಖ್ಯೆಗೆ 9 ಅಂಕಿ. ಭಾರತದ ಹಡಗಾದ್ರೆ 419ರಿಂದ ಶುರು.

ಸುತ್ತಲಿನ ಹಡಗುಗಳ ಸಾಫ್ಟ್‌ವೇರ್ ಇದನ್ನ ಹಿಡಿದು ಎರಡೇ ಲೆಕ್ಕ ಹಾಕುತ್ತೆ. ಒಂದು, ಇಬ್ಬರೂ ಹೀಗೇ ಹೋದ್ರೆ ಎಷ್ಟು ಹತ್ತಿರ ಬರ್ತೀವಿ? ಎರಡು, ಅದಕ್ಕೆ ಎಷ್ಟು ಹೊತ್ತಿದೆ? ಬೋಟು ಬಲೆ ಹಾಕಿ ನಿಂತಿದೆ ಅಂದ್ಕೊಳ್ಳಿ. 6 ನಾಟಿಕಲ್ ಮೈಲಿ ಆಚೆಯಿಂದ ಹಡಗೊಂದು ಗಂಟೆಗೆ 18 ಮೈಲಿ ವೇಗದಲ್ಲಿ ನೇರ ಬರ್ತಿದೆ. ಉಳಿದಿರೋದು 20 ನಿಮಿಷ. ಹತ್ತಿರ ಬರೋ ದೂರ ಸೊನ್ನೆ. ಅಲಾರಂ ಹೊಡೆಯುತ್ತೆ. 18 ಮೈಲಿ ಅಂದ್ರೆ ಗಂಟೆಗೆ 33 ಕಿಲೋಮೀಟರ್ ಅಷ್ಟೇ, ನಮ್ಮ ಸ್ಕೂಟರಿಗಿಂತ ನಿಧಾನ. ಆದ್ರೆ ಅಷ್ಟು ದೊಡ್ಡ ಹಡಗು ಬ್ರೇಕ್ ಒತ್ತಿದ ಹಾಗೆ ನಿಲ್ಲಲ್ಲ, ಅದಕ್ಕೇ ಮೊದಲೇ ಗೊತ್ತಾಗಬೇಕು.

ಸಾಫ್ಟ್‌ವೇರ್ ಇಲ್ಲದ ಕಾಲದ ಉಪಾಯವೂ ಇದೇ. ಸರ್ಕಲ್‌ಗೆ ನೀವು ಒಂದು ರಸ್ತೆಯಿಂದ, ಬಸ್ಸು ಇನ್ನೊಂದು ರಸ್ತೆಯಿಂದ ಬರ್ತಿದ್ದೀರಿ. ಬಸ್ಸು ಹತ್ತಿರವಾಗ್ತಾ ಇದ್ರೂ ನಿಮ್ಮ ಕಣ್ಣಿಗೆ ಅದೇ ಕೋನದಲ್ಲೇ ಕಂಡ್ರೆ ಡಿಕ್ಕಿ ಖಾತ್ರಿ. 1972ರ ಅಂತರರಾಷ್ಟ್ರೀಯ ಕಡಲ ನಿಯಮಗಳಲ್ಲಿ ಇದು ಹಾಗೇ ಇದೆ: ದಿಕ್ಕು ಬದಲಾಗದಿದ್ರೆ ಅಪಾಯ ಇದೆ ಅಂತಲೇ ತಿಳಿಯಬೇಕು. ಜೊತೆಗೆ, ಕಣ್ಣು-ಕಿವಿಯ ಕಾವಲು ಯಾವಾಗಲೂ ಇರಲೇಬೇಕು.

ಹಾಗಾದ್ರೆ ಮಾವನ ಬೋಟು ಯಾಕೆ ಕಾಣಲ್ಲ? ಒಂದು, ಎಐಎಸ್ ಕಡ್ಡಾಯ ಮಾಡಿದ ಅಂತರರಾಷ್ಟ್ರೀಯ ನಿಯಮ ಇರೋದು ದೇಶದೇಶಕ್ಕೆ ಓಡಾಡೋ 300 ಟನೇಜ್ ಮೇಲಿನ ಹಡಗುಗಳಿಗೆ, ಪ್ರಯಾಣಿಕರ ಹಡಗುಗಳಿಗೆ. ಪೆಟ್ಟಿಗೆಯೇ ಇಲ್ಲದ ಬೋಟು ಮ್ಯಾಪಿಗೆ ಬರೋದಾದ್ರೂ ಹೇಗೆ? ಎರಡು, ಪೆಟ್ಟಿಗೆ ಇದ್ರೂ ವಿಎಚ್‌ಎಫ್ ಅಲೆ ಭೂಮಿಯ ಬಾಗಿಗೆ ಬಗ್ಗಿ ದೂರ ಹೋಗಲ್ಲ. ದಡದ ಆಂಟೆನಾಕ್ಕೆ ಸಿಗದಿದ್ರೆ ಸಾಮಾನ್ಯವಾಗಿ ನಿಮ್ಮ ಮೊಬೈಲಿಗೂ ಸಿಗಲ್ಲ. ಕೆಲವು ಸಲ ಗಂಟೆಗಟ್ಟಲೆ ಹಳೆಯ ಜಾಗವನ್ನೇ ತೋರಿಸುತ್ತೆ.

2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 1 ಲಕ್ಷ ಮೀನುಗಾರಿಕೆ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಕೊಡೋ ಯೋಜನೆಗೆ ಚಾಲನೆ ಕೊಟ್ಟಿತು. ಇಸ್ರೋ ತಂತ್ರಜ್ಞಾನ, ಉಪಗ್ರಹದ ಮೂಲಕ ಎರಡೂ ಕಡೆ ಸಂದೇಶ. ಒಳ್ಳೇದೇ. ಆದ್ರೆ ದಡಕ್ಕೆ ಸುದ್ದಿ ಮುಟ್ಟೋದು ಬೇರೆ, ಎದುರು ಬರೋ ಹಡಗಿನ ಪರದೆ ಮೇಲೆ ಕಾಣೋದು ಬೇರೆ. ಎರಡೂ ಬೇಕು.

ಗೆಳೆಯನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಮ್ಯಾಪಲ್ಲಿ ಕಾಣದಿದ್ರೆ ಬೋಟು ಮುಳುಗಿದೆ ಅಂತಲ್ಲ, ಕಂಡ್ರೆ ಸುರಕ್ಷಿತ ಅಂತಲೂ ಅಲ್ಲ. ಮಾವ ದಡಕ್ಕೆ ಬಂದಾಗ ಕೇಳು: ಬೋಟಲ್ಲಿ ಯಾವ ಪೆಟ್ಟಿಗೆ ಇದೆ, ಆನ್ ಇರುತ್ತಾ, ರಾತ್ರಿ ದೀಪ ಉರಿಯುತ್ತಾ, ಎಲ್ಲರೂ ಮಲಗಿದಾಗ ಎಚ್ಚರ ಇರೋರು ಯಾರು? ಕಡಲಲ್ಲಿ ತುರ್ತು ಇದ್ರೆ ಕರಾವಳಿ ಕಾವಲು ಪಡೆಯ ಸಂಖ್ಯೆ 1554. ಅತ್ತೆಯ ಫೋನಲ್ಲಿ ಅದನ್ನ ಇವತ್ತೇ ಸೇವ್ ಮಾಡಿಕೊಡು.

ಮಾಡಿಕೊಟ್ಟಿದ್ದಾನೆ. ನಿಮ್ಮವರೂ ಕಡಲಿಗೆ ಹೋಗ್ತಿದ್ರೆ ನೀವೂ ಮಾಡಿಕೊಡಿ. ಮುಂದಿನ ವಾರ ಸಿಗೋಣ.