ಹಸಿರು ಚುಕ್ಕೆ ಹೇಳದ ಮಾತು

ದಕ್ಷಿಣ ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಲ್ಲಿ ಆರಂಭವಾದ ಮೆಟ್ರೊ ಹಳದಿ ಮಾರ್ಗದಲ್ಲಿ ರಾಗಿಗುಡ್ಡ ಎಂಬ ನಿಲ್ದಾಣವಿದೆ. ಅಲ್ಲಿ ಹತ್ತಿದರೆ ಜಯದೇವ, ಬಿ.ಟಿ.ಎಂ. ಲೇಔಟ್ ದಾಟಿ ಸೆಂಟ್ರಲ್ ಸಿಲ್ಕ್ ಬೋರ್ಡ್ ಸಿಗುತ್ತದೆ. ಹೊಸೂರು ರಸ್ತೆಯ ಇನ್ನೊಂದು ತುದಿಯಲ್ಲಿ ಡೇರಿ ಸರ್ಕಲ್. ರಾಗಿ, ರೇಷ್ಮೆ, ಹಾಲು! ದಿನವೂ ಕಾಲೇಜಿಗೆ ಓಡುವ ಹುಡುಗ ಹುಡುಗಿಯರು ಈ ಹೆಸರುಗಳ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಇವುಗಳಲ್ಲಿ ಒಂದು ಹೊಲದಿಂದ ಬಂದದ್ದು, ಉಳಿದೆರಡು ಪ್ರಾಣಿಗಳಿಂದ ಬಂದವು. ಹೆಸರಿನಲ್ಲೇ ಇರುವುದರಿಂದ ಇವು ಗೊತ್ತಾಗುತ್ತವೆ. ಹೆಸರು ಹೇಳದೆ ನಮ್ಮ ಮನೆಯೊಳಗೆ ಬಂದು ಕುಳಿತ ಪ್ರಾಣಿಜನ್ಯ ವಸ್ತುಗಳು ಎಷ್ಟು?

ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯೊಂದರಲ್ಲಿ ತಾಯಿ ಮಗಳು ಸಾಮಾನು ಕೊಳ್ಳುತ್ತಿದ್ದಾರೆ ಎಂದುಕೊಳ್ಳಿ. ಮಗಳು ಇತ್ತೀಚೆಗೆ 'ವೀಗನ್' ಆಗಿದ್ದಾಳೆ. ಎಂದರೆ ಮಾಂಸ, ಮೊಟ್ಟೆಯ ಜೊತೆಗೆ ಹಾಲು, ಜೇನು, ರೇಷ್ಮೆ, ಚರ್ಮವನ್ನೂ ಬಿಟ್ಟಿದ್ದಾಳೆ. "ಹಸಿರು ಚುಕ್ಕೆ ಇದೆಯಲ್ಲೇ, ಇನ್ನೇನು ನೋಡ್ತೀಯಾ?" ಎನ್ನುತ್ತಾರೆ ತಾಯಿ. "ಅಷ್ಟು ಸಾಲದಮ್ಮ" ಎನ್ನುತ್ತಾಳೆ ಮಗಳು. ಇವರಲ್ಲಿ ಯಾರ ಮಾತು ಸರಿ?

ಉತ್ತರ ಸ್ವಲ್ಪ ವಿಚಿತ್ರ. ಇಬ್ಬರದೂ ಸರಿ!

ಚುಕ್ಕೆಯ ಕಾನೂನು

ಪೊಟ್ಟಣಗಳ ಮೇಲೆ ಸಸ್ಯಾಹಾರಕ್ಕೆ ಹಸಿರು, ಮಾಂಸಾಹಾರಕ್ಕೆ ಕಂದು ಗುರುತು ಇರಲೇಬೇಕೆಂಬ ನಿಯಮ ನಮ್ಮ ದೇಶದಲ್ಲಿ 2001ರಲ್ಲಿ ಬಂತು. ಬಣ್ಣ ಗುರುತಿಸಲಾಗದವರಿಗೂ ತಿಳಿಯಲೆಂದು ಕಂದು ಚುಕ್ಕೆಯ ಬದಲು ಕಂದು ತ್ರಿಕೋನವನ್ನು 2020ರ ನಿಯಮಾವಳಿ ತಂದಿತು. ತಾಯಿ ನಂಬಿದ ಚುಕ್ಕೆಯ ಹಿಂದೆ ಕಾನೂನಿನ ಬಲ ಖಂಡಿತ ಇದೆ.

ಆದರೆ ಅದೇ ನಿಯಮಾವಳಿಯಲ್ಲಿ ಮಾಂಸಾಹಾರ ಎಂದರೇನು ಎಂಬ ವಿವರಣೆಯನ್ನು ಓದಿದರೆ ಮಗಳ ಅನುಮಾನಕ್ಕೂ ಕಾರಣ ಸಿಗುತ್ತದೆ. ಪ್ರಾಣಿ, ಪಕ್ಷಿ, ಕೀಟ, ಮೀನು, ಮೊಟ್ಟೆ ಅಥವಾ ಪ್ರಾಣಿಮೂಲದ ಯಾವುದೇ ವಸ್ತು ಇದ್ದರೆ ಅದು ಮಾಂಸಾಹಾರ. ಆದರೆ ಹಾಲು, ಹಾಲಿನ ಉತ್ಪನ್ನ, ಜೇನು, ಜೇನುಮೇಣ, ಅರಗು ಇವುಗಳಿಗೆ ವಿನಾಯಿತಿ! ಹೀಗಾಗಿ ತುಪ್ಪದ ಬಿಸ್ಕತ್ತಿಗೂ, ಅರಗಿನ ಹೊಳಪು ಹಚ್ಚಿದ ಮಿಠಾಯಿಗೂ ಹಸಿರು ಚುಕ್ಕೆ ಸಿಗುತ್ತದೆ. ಇದು ಮೋಸವಲ್ಲ. ಹಾಲು ತುಪ್ಪವನ್ನು ಸಸ್ಯಾಹಾರವೆಂದೇ ಎಣಿಸಿಕೊಂಡು ಬಂದ ನಮ್ಮ ರೂಢಿಯನ್ನೇ ಕಾನೂನು ಒಪ್ಪಿಕೊಂಡಿದೆ, ಅಷ್ಟೆ.

'ವೀಗನ್' ಎಂಬ ಮಾತು ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಹಾಲು ಮೊಟ್ಟೆಯನ್ನೂ ಬಿಟ್ಟ ಸಸ್ಯಾಹಾರಿಗಳಿಗೆ ಒಂದು ಹೆಸರು ಬೇಕೆಂದು ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ಅದನ್ನು ಬಳಕೆಗೆ ತಂದರು. ಭಾರತದಲ್ಲಿ ವೀಗನ್ ಆಹಾರಕ್ಕೆ ಪ್ರತ್ಯೇಕ ನಿಯಮ, ಪ್ರತ್ಯೇಕ ಚಿಹ್ನೆ ಬಂದದ್ದು 2022ರಲ್ಲಿ. ಮಗಳು ಹುಡುಕುತ್ತಿರುವುದು ಆ ಚಿಹ್ನೆಯನ್ನು.

ಅರಗಿನ ಅರಮನೆಯಿಂದ ಮಿಠಾಯಿವರೆಗೆ

ಅರಗು ಎಂದ ಕೂಡಲೇ ನಮಗೆ ನೆನಪಾಗುವುದು ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಅರಮನೆ. ಅರಗು ಮರದ ಅಂಟಲ್ಲವೇ ಎಂದು ಕೇಳುವವರು ಇಂದಿಗೂ ಇದ್ದಾರೆ. ಅಲ್ಲ. ಮುತ್ತುಗ, ಬೋರೆಯಂಥ ಮರಗಳ ರೆಂಬೆಗೆ ಕಚ್ಚಿಕೊಂಡು ರಸ ಹೀರುವ ಪುಟ್ಟ ಕೀಟಗಳು ತಮ್ಮ ಮೈಮೇಲೆ ಹೊದ್ದುಕೊಳ್ಳುವ ರಾಳ ಅದು. ರೆಂಬೆಯನ್ನು ಕತ್ತರಿಸಿ ಕೆರೆದು ತೆಗೆಯುವಾಗ ಅಸಂಖ್ಯಾತ ಕೀಟಗಳು ಸಾಯುತ್ತವೆ.

ಕನ್ನಡ ನಾಡಿಗೂ ಅರಗಿಗೂ ಹಳೆಯ ನಂಟಿದೆ. ಚನ್ನಪಟ್ಟಣದ ಬೊಂಬೆಗಳ ಹೊಳಪು ಅರಗಿನದೇ. ತಿರುಗುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅದು ಕರಗಿ ಮೆತ್ತಿಕೊಳ್ಳುತ್ತದೆ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಶಾಯಿಗೆ ಹೆಸರಾದ ಮೈಸೂರಿನ ಬಣ್ಣದ ಕಾರ್ಖಾನೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಆರಂಭವಾದದ್ದು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂಬ ಹೆಸರಿನಲ್ಲಿ. 'ಲ್ಯಾಕ್' ಎಂದರೆ ಇದೇ ಅರಗು. ತಿಂಡಿಯ ಪೊಟ್ಟಣದಲ್ಲಿ ಅದರ ಹೆಸರು ಶೆಲ್ಯಾಕ್, ಸಂಖ್ಯೆ 904. ಹೊಳೆಯುವ ಮಿಠಾಯಿ, ಕೆಲವು ಮಾತ್ರೆಗಳ ಮೇಲ್ಪದರ, ಮೇಣ ಹಚ್ಚಿದ ಸೇಬು ಇವು ಅದರ ಠಾವುಗಳು.

ರೇಷ್ಮೆಯ ಕಥೆ ಇನ್ನೂ ಹತ್ತಿರದ್ದು. 1949ರಲ್ಲಿ ಸ್ಥಾಪನೆಯಾದ ಕೇಂದ್ರ ರೇಷ್ಮೆ ಮಂಡಳಿಯ ಮುಖ್ಯ ಕಚೇರಿ ಇರುವುದೇ ಬಿ.ಟಿ.ಎಂ. ಲೇಔಟಿನಲ್ಲಿ. ಹುಳು ತನ್ನ ಸುತ್ತ ನೇಯ್ದ ಗೂಡಿನದು ಒಂದೇ ಉದ್ದನೆಯ ಎಳೆ. ಚಿಟ್ಟೆಯಾಗಿ ಹೊರಬಂದರೆ ಗೂಡು ತೂತಾಗಿ ಎಳೆ ತುಂಡಾಗುತ್ತದೆ. ಆದ್ದರಿಂದ ಅದಕ್ಕೆ ಮೊದಲೇ ಆವಿ ಅಥವಾ ಬಿಸಿಗಾಳಿಯಿಂದ ಒಳಗಿನ ಹುಳುವನ್ನು ಕೊಂದು ಗೂಡನ್ನು ಬೇಯಿಸುತ್ತಾರೆ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಪೂಜೆಗೆ ಮಡಿಯೆಂದು ಉಡುವ ಬಟ್ಟೆ ಇದು! ಚಿಟ್ಟೆ ಹಾರಿಹೋದ ಮೇಲೆ ನೂಲು ತೆಗೆಯುವ 'ಅಹಿಂಸಾ ರೇಷ್ಮೆ'ಯೂ ಉಂಟು. ಹಾಗೆಯೇ ರಾಮನಗರ, ಶಿಡ್ಲಘಟ್ಟದ ಕಡೆಯ ಎಷ್ಟೋ ಸಂಸಾರಗಳು ರೇಷ್ಮೆಯನ್ನೇ ನಂಬಿ ಬದುಕಿವೆ ಎಂಬುದನ್ನೂ ಮರೆಯುವಂತಿಲ್ಲ.

ಸಿಹಿ, ಮಾತ್ರೆ, ಸಾಬೂನು

ಸಿಹಿತಿಂಡಿಯ ಮೇಲಿನ ಬೆಳ್ಳಿ ರೇಕನ್ನು ಹಿಂದಿನಿಂದ ದನದ ಕರುಳಿನ ಹಾಳೆಗಳ ನಡುವೆ ಇಟ್ಟು ಬಡಿದು ತೆಳುಮಾಡುತ್ತಿದ್ದರು. ತಯಾರಿಕೆಯ ಯಾವ ಹಂತದಲ್ಲೂ ಪ್ರಾಣಿಮೂಲದ ವಸ್ತು ಬಳಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ನಿಯಮ ಹೊರಡಿಸಿತು. 1983ರಲ್ಲಿ ವನಸ್ಪತಿಗೆ ದನದ ಕೊಬ್ಬು ಬೆರೆಸಿದ ಸುದ್ದಿ ದೇಶವನ್ನೇ ಅಲ್ಲಾಡಿಸಿದ್ದು ಹಿರಿಯರಿಗೆ ನೆನಪಿರಬಹುದು.

ಔಷಧದ ಕ್ಯಾಪ್ಸೂಲಿನ ಕವಚ ಸಾಮಾನ್ಯವಾಗಿ ಜಿಲಾಟಿನ್‌ನಿಂದ ಮಾಡಿದ್ದು. ಪ್ರಾಣಿಗಳ ಮೂಳೆ, ಚರ್ಮವನ್ನು ಸಂಸ್ಕರಿಸಿ ಇದನ್ನು ತೆಗೆಯುತ್ತಾರೆ. ಡಿ3 ಜೀವಸತ್ವವನ್ನು ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಿಸುತ್ತಾರೆ. ತುಟಿಬಣ್ಣದ ಕೆಂಪು ಕೆಲವೊಮ್ಮೆ ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೀಟದ್ದು. ಸಾಬೂನಿನ ಕೊಬ್ಬು ಎಣ್ಣೆಯದೂ ಇರಬಹುದು, ಪ್ರಾಣಿಯದೂ ಇರಬಹುದು. ಜೀವರಕ್ಷಕ ಔಷಧಗಳನ್ನು ಬಿಟ್ಟು ಉಳಿದ ಔಷಧ, ಸೌಂದರ್ಯವರ್ಧಕಗಳಿಗೂ ಸಸ್ಯ, ಪ್ರಾಣಿ ಗುರುತು ಬೇಕೆಂದು ದೆಹಲಿ ಹೈಕೋರ್ಟ್ 2002ರಲ್ಲಿ ಹೇಳಿತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಒಪ್ಪಲಿಲ್ಲ.

ಆಹಾರದ ವಿಷಯದಲ್ಲಿ 2021ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಮತ್ತೊಂದು ಮುಖ್ಯ ಆದೇಶ ಕೊಟ್ಟಿತು. ಬರೀ ಸಂಕೇತ ಸಂಖ್ಯೆ ಸಾಲದು, ಪ್ರತಿಯೊಂದು ಪದಾರ್ಥವೂ ಸಸ್ಯದಿಂದ ಬಂದದ್ದೋ ಪ್ರಾಣಿಯಿಂದ ಬಂದದ್ದೋ ಎಂದು ತಿಳಿಸಬೇಕು ಎಂದಿತು. ಅಲ್ಲಿ ಪ್ರಸ್ತಾಪವಾದದ್ದು ನೂಡಲ್ಸ್, ಚಿಪ್ಸ್‌ಗಳಲ್ಲಿ ರುಚಿಗೆ ಸೇರಿಸುವ 631 ಸಂಖ್ಯೆಯ ವಸ್ತು. ಅದನ್ನು ಮೀನು, ಮಾಂಸದಿಂದಲೂ ತೆಗೆಯಬಹುದು, ಮರಗೆಣಸಿನಂಥ ಬೆಳೆಯಿಂದಲೂ ತಯಾರಿಸಬಹುದು.

ತಂದೆತಾಯಂದಿರ ಭಯ

"ಹಾಲು ಮೊಸರು ಬಿಟ್ಟರೆ ಮಗುವಿನ ಗತಿಯೇನು?" ಎಂಬ ತಾಯಿಯ ಪ್ರಶ್ನೆ ಬರೀ ಹಟದ್ದಲ್ಲ. ಬಿ12 ಜೀವಸತ್ವ ಸಹಜವಾಗಿ ಸಿಗುವುದು ಪ್ರಾಣಿಮೂಲದ ಆಹಾರದಲ್ಲಿ. ಸಸ್ಯಾಹಾರಿಗಳಿಗೆ ಹಾಲೇ ಅದರ ಮುಖ್ಯ ದಾರಿ. ಹಾಲನ್ನೂ ಬಿಡುವವರು ಬಿ12 ಸೇರಿಸಿದ ಆಹಾರವನ್ನೋ ಮಾತ್ರೆಯನ್ನೋ ತಪ್ಪದೆ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ರಕ್ತಹೀನತೆ, ನರದೌರ್ಬಲ್ಯ ಕಾಡಬಹುದು. ವೈದ್ಯರನ್ನು ಕೇಳಿಯೇ ಈ ಹೆಜ್ಜೆ ಇಡುವುದು ಕ್ಷೇಮ. ವೈದ್ಯರು ಬರೆದ ಔಷಧವನ್ನು ಕವಚದ ಕಾರಣಕ್ಕೆ ನಿಲ್ಲಿಸುವುದಂತೂ ತೀರಾ ತಪ್ಪು. ಅದೇ ಔಷಧ ಮಾತ್ರೆಯಲ್ಲೋ ಸಸ್ಯಮೂಲದ ಕವಚದಲ್ಲೋ ಸಿಗುವುದೇ ಎಂದು ಕೇಳಬಹುದು.

ಉಳಿದ ಮಟ್ಟಿಗೆ ಅಷ್ಟು ಹೆದರಬೇಕಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಇದು ಅಷ್ಟೇ ತೂಕದ ಹಾಲಿನಲ್ಲಿರುವುದಕ್ಕಿಂತ ಹೆಚ್ಚು. ರಾಗಿಮುದ್ದೆ, ಬಸ್ಸಾರು, ಚಿತ್ರಾನ್ನ, ಕೋಸಂಬರಿ, ಅವರೆಕಾಳಿನ ಹುಳಿ, ಹುಚ್ಚೆಳ್ಳಿನ ಚಟ್ನಿ, ಕಾಯಿಹಾಲು ಬೆಲ್ಲದ ಗಸಗಸೆ ಪಾಯಸ ಇವೆಲ್ಲ ತುಪ್ಪ ಸೋಕಿಸದಿದ್ದರೆ ವೀಗನ್ನೇ! ವಿದೇಶಿ ಹೆಸರಿನ ದುಬಾರಿ ಪೊಟ್ಟಣಗಳನ್ನೇ ತರಬೇಕೆಂದಿಲ್ಲ.

ಈ ಸಂದರ್ಭದಲ್ಲಿ ಗಾಂಧೀಜಿಯ ಬದುಕಿನ ಒಂದು ಪ್ರಸಂಗ ನೆನೆಯಬಹುದು. 1912ರಲ್ಲಿ ಅವರು ಹಾಲು ಬಿಟ್ಟರು. ಮುಂದೆ ಕಾಯಿಲೆ ಬಿದ್ದಾಗ, ಪ್ರತಿಜ್ಞೆ ಮಾಡುವಾಗ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆಯ ಹಾಲು ಮಾತ್ರ ಎಂದುಕೊಂಡು ಆಡಿನ ಹಾಲು ಕುಡಿದರು. ಪ್ರತಿಜ್ಞೆಯ ಅಕ್ಷರ ಉಳಿಯಿತು, ಆತ್ಮಕ್ಕೆ ಭಂಗ ಬಂತು ಎಂದು ಅವರೇ ಮುಚ್ಚಿಡದೆ ಹೇಳಿಕೊಂಡರು. ಹಸಿರು ಚುಕ್ಕೆಯೂ ಅಕ್ಷರವೇ. ಅದರಾಚೆ ಎಷ್ಟು ದೂರ ಹೋಗಬೇಕೆಂಬುದು ಅವರವರ ಮನಸ್ಸಿಗೆ ಬಿಟ್ಟದ್ದು. ಆದರೆ ಕೊಳ್ಳುವ ಮುನ್ನ ಏನು ಕೊಳ್ಳುತ್ತಿದ್ದೇವೆಂದು ತಿಳಿದಿರಬೇಕಾದದ್ದು ಎಲ್ಲರಿಗೂ ಸೇರಿದ್ದು. ತಾಯಿ ಮಗಳು ಒಂದೇ ಪೊಟ್ಟಣವನ್ನು ಜೊತೆಯಾಗಿ ತಿರುಗಿಸಿ ಓದಿದರೆ ಅರ್ಧ ಜಗಳ ಅಂಗಡಿಯಲ್ಲೇ ಮುಗಿದೀತು.

ಪೊಟ್ಟಣ ಓದುವಾಗ ನೆನಪಿಡಿ

120: ಕೀಟದಿಂದ ತೆಗೆದ ಕೆಂಪು ಬಣ್ಣ.
901: ಜೇನುಮೇಣ.
904: ಅರಗು.
471: ಕೊಬ್ಬಿನಿಂದ ಮಾಡಿದ್ದು. ಮೂಲ ಸಸ್ಯವೂ ಆಗಿರಬಹುದು, ಪ್ರಾಣಿಯೂ ಆಗಿರಬಹುದು.
ಕೇಸಿನ್, ವೇ, ಲ್ಯಾಕ್ಟೋಸ್: ಮೂರೂ ಹಾಲಿನವು.