ದಿಗ್ವ್ರತದ ಗೆರೆ, ಕಡಲಾಚೆಯ ತೊಟ್ಟಿಲು

ಡಿಸೆಂಬರ್ ತಿಂಗಳಿನಲ್ಲಿ ಖಾನಾಪುರದ ಶ್ರಾವಕರ ಮನೆಗಳಲ್ಲಿ ಸಂಜೆ ಐದೂವರೆಗೆಲ್ಲ ಊಟ ಮುಗಿದಿರುತ್ತದೆ. ಆರರ ಸುಮಾರಿಗೆ ಹೊತ್ತು ಮುಳುಗುತ್ತದೆ. ಅದಕ್ಕೆ ಎರಡು ಗಳಿಗೆ ಮೊದಲೇ ತಟ್ಟೆ ತೊಳೆದಿಡಬೇಕೆಂಬುದು ಹಿರಿಯರು ನಡೆಸಿಕೊಂಡು ಬಂದ ಪದ್ಧತಿ. ಅದೇ ಗಳಿಗೆಯಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಮಧ್ಯಾಹ್ನ ಹನ್ನೆರಡು. ಅಲ್ಲಿ ಆ ತಿಂಗಳು ಸೂರ್ಯ ನಾಲ್ಕು ಗಂಟೆಗೂ ಮುನ್ನವೇ ಮುಳುಗಿಬಿಡುತ್ತಾನೆ. ಶಾಲೆ ಬಿಡುವುದು ಮೂರೂಕಾಲರ ಹೊತ್ತಿಗೆ, ತಂದೆ ತಾಯಿಯರ ಕಚೇರಿ ಬಿಡುವುದು ಐದಕ್ಕೆ. ಜೂನ್‌ನಲ್ಲಿ ಎಲ್ಲವೂ ತಿರುವುಮುರುವು. ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ. ಮಗು ಹಗಲಿನಲ್ಲೇ ನಿದ್ದೆ ಹೋಗಬೇಕು. ರಾತ್ರಿಭೋಜನ ತ್ಯಾಗವೆಂಬ ಸರಳ ನಿಯಮವೂ ಅಕ್ಷಾಂಶ ಬದಲಾದೊಡನೆ ಎಷ್ಟು ಕಠಿಣವಾಗಬಲ್ಲದು ಎಂಬುದು ಬೆಳಗಾವಿಯ ಬಿಸಿಲಿನಲ್ಲಿ ಬೆಳೆದವರಿಗೆ ಸುಲಭವಾಗಿ ಹೊಳೆಯುವುದಿಲ್ಲ.

ಬೆಳಗಾವಿ, ಖಾನಾಪುರ ಭಾಗದ ಜೈನ ಮನೆಗಳಿಂದ ಮಕ್ಕಳು ಓದಿಗೂ ಉದ್ಯೋಗಕ್ಕೂ ಹೊರನಾಡಿಗೆ ಹೋಗುತ್ತಿದ್ದಾರೆ. ಹಿಂದೆ ಹಳ್ಳಿಯ ಹುಡುಗ ಹೊಲ ಬಿಟ್ಟು ಬೆಳಗಾವಿಯ ಮಾಣಿಕಬಾಗ್ ಬೋರ್ಡಿಂಗಿಗೆ ಬಂದು ಸೇರಿದರೆ ಅದೇ ದೊಡ್ಡ ಪ್ರಯಾಣವಾಗಿತ್ತು. ಈಗ ಅವನ ಮಗನೋ ಮೊಮ್ಮಗಳೋ ಕಡಲು ದಾಟುತ್ತಾರೆ. ಅಂಥ ಒಂದು ಮನೆಯನ್ನು ಓದುಗರು ಕಣ್ಮುಂದೆ ತಂದುಕೊಳ್ಳಬಹುದು. ಹೆಸರು ಬೇಡ, ಹಲವರಿಗೆ ಅದು ತಮ್ಮದೇ ಮನೆ ಎನಿಸೀತು. ಖಾನಾಪುರದಲ್ಲಿ ತಾಯಿ ಒಬ್ಬಳೇ. ಮಗ, ಸೊಸೆ ಲೆಸ್ಟರಿನಲ್ಲಿ. ಮೊದಲ ಮಗು ಶಾಲೆಗೆ ಹೋಗುತ್ತದೆ, ಎರಡನೆಯದು ತೊಟ್ಟಿಲಲ್ಲಿದೆ. ಆ ನಾಡಿನ ಕಾನೂನಿನಂತೆ ಹೆರಿಗೆ ರಜೆ 52 ವಾರ. ಆದರೆ ಶಾಸನಬದ್ಧ ಭತ್ಯೆ ದೊರೆಯುವುದು 39 ವಾರ ಮಾತ್ರ. ಉಳಿದ ವಾರಗಳನ್ನು ಬರಿಗೈಯಲ್ಲಿ ಕಳೆಯಬೇಕು, ಇಲ್ಲವೇ ಮಗುವನ್ನು ಪಾಲನಾ ಕೇಂದ್ರಕ್ಕೆ ಒಪ್ಪಿಸಿ ಕೆಲಸಕ್ಕೆ ಮರಳಬೇಕು. ಆ ಕೇಂದ್ರದ ಶುಲ್ಕವು ಮನೆಬಾಡಿಗೆಯೊಡನೆ ಪೈಪೋಟಿಗೆ ನಿಲ್ಲುವಂಥದ್ದು.

ಮಗ ದೂರವಾಣಿಯಲ್ಲಿ ಕೇಳುತ್ತಾನೆ: ‘ಅವ್ವಾ, ಆರು ತಿಂಗಳು ಬಂದು ಹೋಗು.’

ತಾಯಿಗೆ ಮೊಮ್ಮಗುವನ್ನು ಎತ್ತಿಕೊಳ್ಳುವ ಆಸೆ ಇಲ್ಲದಿಲ್ಲ. ಆದರೆ ಹಲವು ವರ್ಷಗಳ ಹಿಂದೆ ಮುನಿಗಳ ಸನ್ನಿಧಿಯಲ್ಲಿ ಆಕೆ ದಿಗ್ವ್ರತ ಸ್ವೀಕರಿಸಿದ್ದಾಳೆ. ಪೂರ್ವಕ್ಕೆ ಸಮ್ಮೇದ ಶಿಖರಜಿ, ಉತ್ತರಕ್ಕೆ ಹಸ್ತಿನಾಪುರ, ದಕ್ಷಿಣಕ್ಕೆ ಶ್ರವಣಬೆಳಗೊಳ, ಪಶ್ಚಿಮಕ್ಕೆ ಸಮುದ್ರ. ಇವುಗಳಾಚೆ ಹೆಜ್ಜೆ ಇಡುವುದಿಲ್ಲವೆಂಬ ನಿಯಮ ಅದು, ಬದುಕಿರುವವರೆಗೆ.

ದಿಗ್ವ್ರತವನ್ನು ಇಂದು ಹಲವರು ಮುದುಕರ ಹಟವೆಂದು ನಗುತ್ತಾರೆ. ಆಚಾರ್ಯ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅದರ ವಿವರಣೆ ಸ್ಪಷ್ಟವಾಗಿದೆ. ಸಮುದ್ರ, ನದಿ, ಕಾಡು, ಬೆಟ್ಟ, ನಾಡು, ಯೋಜನಗಳ ಅಳತೆ ಇವುಗಳಲ್ಲಿ ಪ್ರಸಿದ್ಧವಾದುದನ್ನು ಗುರುತಾಗಿಟ್ಟುಕೊಂಡು ಹತ್ತು ದಿಕ್ಕಿಗೂ ಗಡಿ ಹಾಕಿಕೊಳ್ಳಬೇಕು. ಮಲಪ್ರಭೆ ಹುಟ್ಟುವ ಕಣಕುಂಬಿಯನ್ನೂ ಭೀಮಗಡದ ಕಾಡನ್ನೂ ತಾಲ್ಲೂಕಿನೊಳಗೇ ಇಟ್ಟುಕೊಂಡ ಖಾನಾಪುರದವರಿಗೆ ನದಿ, ಕಾಡು, ಬೆಟ್ಟಗಳ ಗುರುತು ಕಲಿಸಬೇಕಾದುದಿಲ್ಲ. ಈ ಗಡಿಯ ಉದ್ದೇಶ ಪ್ರಯಾಣ ತಪ್ಪಿಸುವುದಲ್ಲ. ಗೃಹಸ್ಥನು ಹೋದಲ್ಲೆಲ್ಲ ಅವನ ವ್ಯಾಪಾರ, ಆಸೆ, ಅಡುಗೆಯ ಬೆಂಕಿ, ಹಿಂಸೆ ಹಿಂಬಾಲಿಸುತ್ತವೆ. ಗಡಿಯ ಆಚೆಗಾದರೂ ತನ್ನಿಂದ ಸೂಕ್ಷ್ಮ ಪಾಪವೂ ಆಗದಂತೆ ಅವನು ಬಾಗಿಲು ಮುಚ್ಚಿಕೊಳ್ಳುತ್ತಾನೆ. ಆ ಹೊರಗಿನ ಲೋಕದ ಮಟ್ಟಿಗೆ ಅಣುವ್ರತಿಯು ಮಹಾವ್ರತಿಗೆ ಸಮನಾಗುತ್ತಾನೆಂಬುದು ಆಚಾರ್ಯರ ಮಾತಿನ ಸಾರ. ಹೊಲಗೆಲಸ ಮಾಡುವ ಹೆಂಗಸೊಬ್ಬಳು ಮುಕ್ಕಾಲು ಭೂಮಂಡಲದ ಪಾಲಿಗೆ ಸಾಧ್ವಿಯಂತಾಗುವ ದಾರಿ ಇದು. ಅದನ್ನು ಹಟವೆನ್ನುವುದು ಸರಿಯಲ್ಲ.

ಬಂಧುಗಳು ಒಂದು ಉಪಾಯ ಹುಡುಕುತ್ತಾರೆ. ಹಸ್ತಿನಾಪುರದ ಕಡೆ ಹೇಗೂ ಹೋಗುವುದಿಲ್ಲ, ಉತ್ತರದ ಮಿತಿಯನ್ನು ಕಡಿಮೆ ಮಾಡಿ ಪಶ್ಚಿಮಕ್ಕೆ ಸೇರಿಸಿಕೊಂಡರಾಯಿತಲ್ಲ ಎಂದು. ವಕೀಲರ ಜಾಣತನ. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಿಗ್ವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಈ ಜಾಣತನವನ್ನೂ ಬಿಟ್ಟಿಲ್ಲ. ಮೇಲೆ, ಕೆಳಗೆ, ಅಡ್ಡಲಾಗಿ ಮಿತಿ ಮೀರುವುದು ಮೂರಾದರೆ ನಾಲ್ಕನೆಯದು ಕ್ಷೇತ್ರವೃದ್ಧಿ, ಅಂದರೆ ಲೋಭದಿಂದ ಕ್ಷೇತ್ರವನ್ನು ಹಿಗ್ಗಿಸಿಕೊಳ್ಳುವುದು. ಒಂದು ದಿಕ್ಕನ್ನು ಕುಗ್ಗಿಸಿ ಇನ್ನೊಂದನ್ನು ಬೆಳೆಸುವುದೂ ಅದರಲ್ಲೇ ಬರುತ್ತದೆ. ಐದನೆಯದು ಸ್ಮೃತ್ಯಂತರಾಧಾನ; ಹಾಕಿಕೊಂಡ ಮಿತಿಯನ್ನೇ ಮರೆಯುವುದು. ತಾಯಿ ಮರೆತಿಲ್ಲ. ಮರೆತಂತೆ ನಟಿಸಲು ಆಕೆಗೆ ಬಾರದು.

ಇಲ್ಲಿ ತಪ್ಪು ಯಾರದು ಎಂದು ಕೇಳುವಂತಿಲ್ಲ. ಮಗನ ಕಷ್ಟ ನಿಜವಾದದ್ದು, ತಾಯಿಯ ವ್ರತವೂ ನಿಜವಾದದ್ದು. ವ್ರತಕ್ಕೂ ಪ್ರಯಾಣಕ್ಕೂ ನಡುವಿನ ಈ ಇಕ್ಕಟ್ಟು ಜೈನರಿಗೆ ಹೊಸದಲ್ಲ. 1893ರಲ್ಲಿ ಚಿಕಾಗೋದ ಸರ್ವಧರ್ಮ ಸಮ್ಮೇಳನಕ್ಕೆ ಆಹ್ವಾನ ಬಂದುದು ಆಚಾರ್ಯ ವಿಜಯಾನಂದಸೂರಿಗಳಿಗೆ. ಮುನಿಧರ್ಮದ ನಿಯಮ ಅಡ್ಡ ಬಂದುದರಿಂದ ಅವರು ಹೋಗಲಿಲ್ಲ. ಗೃಹಸ್ಥರಾದ ವೀರಚಂದ ರಾಘವಜಿ ಗಾಂಧಿಯವರನ್ನು ಕಳುಹಿಸಿದರು. ಅದಕ್ಕೂ ಐದು ವರ್ಷ ಮೊದಲು, 1888ರಲ್ಲಿ, ಇನ್ನೊಬ್ಬ ಗಾಂಧಿ ಲಂಡನ್ನಿಗೆ ಹೊರಟಾಗ ತಾಯಿ ಪುತಳೀಬಾಯಿ ಮಗನಿಂದ ಮೂರು ಪ್ರತಿಜ್ಞೆ ಮಾಡಿಸಿಕೊಂಡುದು ಬೇಚರಜಿ ಸ್ವಾಮಿಗಳೆಂಬ ಜೈನ ಸಾಧುವಿನ ಎದುರಿನಲ್ಲಿ. ಹೋಗುವವರು ಹೋದರು, ಇರುವವರು ಇದ್ದರು, ಇಬ್ಬರೂ ತಮ್ಮ ತಮ್ಮ ನಿಯಮ ಕಾಪಾಡಿಕೊಂಡರು.

ಹಾಗಾದರೆ ತೊಟ್ಟಿಲು ತೂಗುವವರು ಯಾರು? ಈ ಪ್ರಶ್ನೆ ದಿಗ್ವ್ರತದಿಂದ ಪರಿಗ್ರಹ ಪರಿಮಾಣಕ್ಕೆ ಕರೆದೊಯ್ಯುತ್ತದೆ.

ಬೆಳಗಾವಿಯ ನೆಂಟರಿಗೆ ಒಂದೇ ಲೆಕ್ಕ ಗೊತ್ತು: ಪೌಂಡೊಂದಕ್ಕೆ ನೂರಕ್ಕೂ ಹೆಚ್ಚು ರೂಪಾಯಿ. ಸಂಬಳವನ್ನು ಗುಣಿಸಿ ನೋಡುವವರು ಖರ್ಚನ್ನು ಗುಣಿಸಿ ನೋಡುವುದಿಲ್ಲ. ವೀಸಾದ ಜೊತೆಗೆ ಕಟ್ಟಬೇಕಾದ ಆರೋಗ್ಯ ಶುಲ್ಕವೊಂದನ್ನೇ ತೆಗೆದುಕೊಂಡರೆ, 2024ರ ಫೆಬ್ರವರಿಯಿಂದ ಅದು ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್. ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 3,622. ಮೂರು ವರ್ಷದ ವೀಸಾ ಆದರೆ 10,866 ಪೌಂಡುಗಳನ್ನು ಮೊದಲೇ ಒಟ್ಟಿಗೆ ಕಟ್ಟಬೇಕು. ಅದರ ಮೇಲೆ ಬಾಡಿಗೆ, ಪಾಲನಾ ಕೇಂದ್ರ, ಚಳಿಗಾಲದ ಮನೆ ಕಾಯಿಸುವ ಖರ್ಚು, ಊರಿನಲ್ಲಿ ಓದಿಗಾಗಿ ಮಾಡಿದ ಸಾಲದ ಕಂತು. ತಿಂಗಳ ಕೊನೆಗೆ ಉಳಿಯುವುದು ಖಾನಾಪುರದಲ್ಲಿ ಅಂದುಕೊಂಡಷ್ಟಲ್ಲ.

ಸಮಂತಭದ್ರರು ಪರಿಮಿತ ಪರಿಗ್ರಹಕ್ಕೆ ಇಚ್ಛಾಪರಿಮಾಣವೆಂಬ ಹೆಸರನ್ನೂ ಕೊಟ್ಟಿದ್ದಾರೆ. ಎಣಿಸಬೇಕಾದುದು ವಸ್ತುವನ್ನಲ್ಲ, ಇಚ್ಛೆಯನ್ನು. ಅದರ ಐದು ಅತಿಚಾರಗಳಾಗಿ ಅವರು ಹೇಳುವುದು ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಾಹನ. ಅತಿವಾಹನವೆಂದರೆ ಲಾಭದಾಸೆಗೆ ಎತ್ತುಗಳನ್ನು ಶಕ್ತಿ ಮೀರಿ ನಡೆಸುವುದು. ಅತಿಭಾರವೆಂದರೆ ಹೊರಲಾರದಷ್ಟು ಹೊರಿಸುವುದು. ಗಾಡಿಯೂ ಎತ್ತೂ ಇದ್ದ ಕಾಲಕ್ಕೆ ಹೇಳಿದ ಈ ಮಾತು, ಹಗಲು ಒಂದು ಕೆಲಸ ರಾತ್ರಿ ಇನ್ನೊಂದು ಕೆಲಸ ಹಿಡಿದು ತನ್ನನ್ನೇ ಎತ್ತಾಗಿಸಿಕೊಂಡವನಿಗೂ ಸಲ್ಲುತ್ತದೆ. ಮೂರನೆಯದಾದ ವಿಸ್ಮಯ, ಅಂದರೆ ಪರರ ಲಾಭವನ್ನು ಕಂಡು ಬೆರಗಾಗಿ ಕರುಬುವುದು. ಈ ದೋಷ ಲೆಸ್ಟರಿನಲ್ಲಿರುವವರಿಗಿಂತ ಬೆಳಗಾವಿಯಲ್ಲಿರುವವರನ್ನೇ ಹೆಚ್ಚಾಗಿ ತಾಗುತ್ತದೆ ಎಂದರೆ ಯಾರೂ ಮುನಿಯಬಾರದು. ‘ಅವರ ಮಗ ತಿಲಕವಾಡಿಯಲ್ಲಿ ಫ್ಲಾಟ್ ಕೊಂಡ, ನಿನ್ನ ಮಗ?’ ಎಂದು ಬಸದಿಯ ಕಟ್ಟೆಯ ಮೇಲೆ ಕೇಳುವ ಒಂದು ಪ್ರಶ್ನೆ, ಏಳು ಸಾವಿರ ಕಿಲೋಮೀಟರಿಗೂ ಆಚೆ ಒಬ್ಬ ತಂದೆಯ ಭಾನುವಾರವನ್ನು ಕಸಿದುಕೊಳ್ಳಬಲ್ಲದು.

ತಾಯಿ ಹೋಗಲಾರಳೆಂದಾದ ಮೇಲೆ ಗಂಡಹೆಂಡತಿ ಕುಳಿತು ಲೆಕ್ಕ ಹಾಕುತ್ತಾರೆ. ವೀಸಾ ನಿಂತಿರುವುದು ಸೊಸೆಯ ಉದ್ಯೋಗದ ಮೇಲೆ. ಹಾಗೆ ಪ್ರಾಯೋಜಿತ ಕೆಲಸದಲ್ಲಿರುವವರ ಸಂಬಳ ಸರಕಾರ ನಿಗದಿಪಡಿಸಿದ ಮಿತಿಗಿಂತ ಕೆಳಗೆ ಇಳಿಯುವಂತಿಲ್ಲ. ವಿಚಿತ್ರವಾದ ಸಂಗತಿ ಇದು. ಆ ದೇಶದ ಕಾನೂನು ಇದಕ್ಕಿಂತ ಕಡಿಮೆ ಗಳಿಸಬೇಡ ಎನ್ನುತ್ತದೆ. ಅಣುವ್ರತ ಇದಕ್ಕಿಂತ ಹೆಚ್ಚು ಬಯಸಬೇಡ ಎನ್ನುತ್ತದೆ. ಎರಡರ ನಡುವೆ ಗೃಹಸ್ಥನು ದಾರಿ ಮಾಡಿಕೊಳ್ಳಬೇಕು. ಅವಲಂಬಿತನಾಗಿ ಹೋಗಿರುವ ಗಂಡನಿಗೆ ಆ ಸಂಬಳದ ಮಿತಿ ಇಲ್ಲ. 2024ರ ಏಪ್ರಿಲ್‌ನಿಂದ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ವೇಳೆ ಬದಲಾಯಿಸಿಕೊಡುವಂತೆ ಮನವಿ ಸಲ್ಲಿಸುವ ಹಕ್ಕು ಅಲ್ಲಿ ನೌಕರರಿಗಿದೆ. ಆದ್ದರಿಂದ ವಾರಕ್ಕೆ ಮೂರು ದಿನ ಮಾತ್ರ ಕೆಲಸ, ಉಳಿದ ದಿನ ಮಗುವಿನೊಡನೆ ಮನೆ ಎಂದು ನಿರ್ಧರಿಸುವುದು ಮಗನೇ. ಬೆಳಗಾವಿಯ ನಿವೇಶನಕ್ಕೆಂದು ಕೂಡಿಡುತ್ತಿದ್ದ ಹಣ ನಿಲ್ಲುತ್ತದೆ. ಇದನ್ನು ಸೋಲೆಂದು ಹಲವರು ಆಡಿಕೊಂಡಾರು. ಗಂಡಸು ಮನೆಯಲ್ಲಿ ಕುಳಿತನೆಂಬ ಮಾತೂ ಬಂದೀತು. ಶ್ರಾವಕಾಚಾರದ ಯಾವ ಪುಟದಲ್ಲಿಯೂ ಮಗುವಿನ ಆರೈಕೆ ಹೆಂಗಸಿನದೊಬ್ಬಳದೇ ಎಂದು ವ್ರತವಾಗಿ ವಿಧಿಸಿಲ್ಲ.

ಇನ್ನೊಂದು ತೊಡಕು ದೂರವಾಣಿಯದು. ದಿಗ್ವ್ರತದ ದೊಡ್ಡ ಗಡಿಯೊಳಗೆ ದಿನಕ್ಕೋ ತಿಂಗಳಿಗೋ ಮನೆ, ಓಣಿ, ಊರು ಎಂದು ಚಿಕ್ಕ ಗಡಿ ಹಾಕಿಕೊಳ್ಳುವುದು ದೇಶವ್ರತ. ಅದರ ಅತಿಚಾರಗಳನ್ನು ಓದಿದರೆ ಇಂದಿನವರಿಗಾಗಿಯೇ ಬರೆದಂತಿದೆ: ಗಡಿಯಾಚೆಯಿಂದ ವಸ್ತು ತರಿಸುವುದು, ಆಳನ್ನು ಕಳುಹಿಸುವುದು, ದನಿಯಿಂದ ಸೂಚಿಸುವುದು, ರೂಪ ತೋರಿಸುವುದು, ಏನನ್ನಾದರೂ ಎಸೆಯುವುದು. ದೇಹ ಒಳಗಿದ್ದರೂ ದನಿ ಮತ್ತು ರೂಪ ಹೊರಗೆ ಹೋಗಿ ಕೆಲಸ ಮಾಡಿದರೆ ಗಡಿ ಮುರಿದಂತೆಯೇ. ಸಂಜೆ ಮಕ್ಕಳ ನಡುವೆ ಕುಳಿತು ಕಚೇರಿಯ ಸಭೆಗೆ ಮುಖ ತೋರಿಸುವವರು ಮನೆಯಲ್ಲಿದ್ದಾರೆಯೇ, ಕಚೇರಿಯಲ್ಲಿದ್ದಾರೆಯೇ? ಸೊಸೆ ವ್ರತವೇನೂ ತೊಟ್ಟವಳಲ್ಲ. ಆದರೂ ಸಂಜೆ ಆರರಿಂದ ಎಂಟರವರೆಗೆ ಗಣಕಯಂತ್ರವನ್ನು ಮುಚ್ಚಿಡುವ ಕಟ್ಟಳೆ ಮಾಡಿಕೊಂಡಿದ್ದಾಳೆ. ಅತ್ತೆ ಅದನ್ನು ದೇಶವ್ರತವೆಂದೇ ಕರೆಯುತ್ತಾಳೆ.

ಭಾನುವಾರಗಳಲ್ಲಿ ಅವರು ಲೆಸ್ಟರಿನ ಜೈನ ಕೇಂದ್ರಕ್ಕೆ ಹೋಗುತ್ತಾರೆ. ಹಿಂದೆ ಕ್ರೈಸ್ತರ ಪ್ರಾರ್ಥನಾಲಯವಾಗಿದ್ದ ಆ ಕಟ್ಟಡ 1988ರಲ್ಲಿ ಜಿನಾಲಯವಾಗಿ ತೆರೆದುಕೊಂಡಿತು. ಶ್ವೇತಾಂಬರ, ದಿಗಂಬರ ಎರಡೂ ಸಂಪ್ರದಾಯಗಳಿಗೆ ಅದೇ ಸೂರಿನಡಿ ಎಡೆಯಿದೆ. ಬೆಳಗಾವಿಯ ಕೋಟೆಯ ಕಮಲ ಬಸದಿಯಲ್ಲಿ ನೇಮಿನಾಥ ಸ್ವಾಮಿಯನ್ನು ಕಂಡು ಬೆಳೆದವನಿಗೆ ಅಲ್ಲಿನ ಅಮೃತಶಿಲೆ ಮೊದಮೊದಲು ಅಪರಿಚಿತವೆನಿಸಿದರೂ ಪಂಚನಮಸ್ಕಾರಕ್ಕೆ ಊರು ಬೇರೆಯಾಗುವುದಿಲ್ಲ. ಒಂದೇ ನಾಡಿನಲ್ಲಿ ಹಲವು ಸಂಘಗಳು ಕೂಡಿ ಬಾಳುವುದನ್ನು ಖಾನಾಪುರ ತಾಲ್ಲೂಕಿನ ಹಲಸಿ ಒಂದೂವರೆ ಸಾವಿರ ವರ್ಷಗಳ ಹಿಂದೆಯೇ ಕಂಡಿದೆ. ಕದಂಬ ಮೃಗೇಶವರ್ಮನು ಅಲ್ಲಿ, ಅಂದಿನ ಪಲಾಶಿಕೆಯಲ್ಲಿ, ಜಿನಾಲಯ ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕರಿಗೆ 33 ನಿವರ್ತನ ಭೂಮಿ ಕೊಟ್ಟುದನ್ನು ತಾಮ್ರಪಟ ಹೇಳುತ್ತದೆ. ಅವನ ಮಗ ರವಿವರ್ಮನ ಶಾಸನದಲ್ಲಿ ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಆಹಾರ ಸಲ್ಲಬೇಕೆಂಬ ಏರ್ಪಾಡಿದೆ. ಹಲಸಿಯ ಈ ಸಂಗತಿಯನ್ನು ಅಜ್ಜಿ ಮೊಮ್ಮಗನಿಗೆ ಕಥೆಯಾಗಿ ಹೇಳುತ್ತಾಳೆ, ಕಂತು ಕಂತಾಗಿ, ಫೋನಿನ ಗಾಜಿನ ಆಚೆಯಿಂದ. ದಿಗ್ವ್ರತಕ್ಕೆ ಅದರಿಂದ ಭಂಗವಿಲ್ಲ. ದನಿ ಮತ್ತು ರೂಪದ ಆ ಎರಡು ದೋಷಗಳನ್ನು ಸೂತ್ರಕಾರರು ಎಣಿಸಿರುವುದು ದೇಶವ್ರತದಲ್ಲಿ. ಹಾಗಾಗಿ ದೇಶವ್ರತ ತೊಟ್ಟ ದಿನಗಳಂದು, ಅಷ್ಟಮಿ ಚತುರ್ದಶಿಗಳಂದು, ಆಕೆ ಫೋನನ್ನು ಪಕ್ಕದ ಮನೆಯಲ್ಲಿ ಇಟ್ಟು ಬರುತ್ತಾಳೆ.

ಉಳಿದ ದಿನಗಳಲ್ಲಿ ಊಟವಾದ ಮೇಲೆ ಕಾಲು ಗಂಟೆ ಮಾತು. ಆಮೇಲೆ ಆಕೆ ಸಾಮಾಯಿಕಕ್ಕೆ ಕೂರುತ್ತಾಳೆ, 48 ನಿಮಿಷ. ಮಗನಿಗೆ ಆ ಹೊತ್ತು ಗೊತ್ತು, ಕರೆ ಮಾಡುವುದಿಲ್ಲ. ಲೆಸ್ಟರಿನಲ್ಲಿ ಆಗ ಮಧ್ಯಾಹ್ನ ಹನ್ನೆರಡೂವರೆ. ಕಿಟಕಿಯಿಂದ ಬರುವ ಮಂಕು ಬಿಸಿಲಿನಲ್ಲಿ ಅವನು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅನ್ನಕ್ಕೆ ತೊವ್ವೆ ಕಲಸುತ್ತಿರುತ್ತಾನೆ. ಇನ್ನೂ ಮೂರು ಗಂಟೆಯಷ್ಟು ಹಗಲು ಉಳಿದಿದೆ.