ವಾಸವಿದ್ದರೆ ಬಂಗಲೆ, ಇಲ್ಲದಿದ್ದರೆ ನಿವೇಶನ

ಬಸವನಗುಡಿ, ಮಲ್ಲೇಶ್ವರಗಳು ಬೆಂಗಳೂರಿನ ಬಡಾವಣೆಗಳಾಗಿ ತುಂಬಿಕೊಂಡದ್ದು 1898ರ ಪ್ಲೇಗ್ ಮಾರಿಯ ಬಳಿಕ. ಇಕ್ಕಟ್ಟಾದ ಪೇಟೆಯನ್ನು ತೊರೆದು ಬಂದವರಿಗೆ ಗಾಳಿ, ಬೆಳಕು ಬೇಕಿತ್ತು. ಎತ್ತರದ ಸೂರು, ವಿಶಾಲ ಜಗುಲಿ, ಕಿಟಕಿಯ ಮೇಲೆ ‘ಮಂಕಿ ಟಾಪ್’ ಎಂದು ಕರೆಯಲಾಗುವ ಮರದ ಚೂಪು ಮುಂಚಾಚು, ಸುತ್ತಲೂ ಕೈತೋಟವಿದ್ದ ಬಂಗಲೆಗಳು ಆ ಅಗತ್ಯಕ್ಕೆ ಒದಗಿಬಂದವು. ಇಂದು ಅವು ಒಂದೊಂದಾಗಿ ನೆಲಸಮವಾಗುತ್ತಿವೆ. ಅಭಿಮಾನದ ಕೊರತೆಯಷ್ಟೇ ಇದಕ್ಕೆ ಕಾರಣವಲ್ಲ. ನಿವೇಶನದ ಬೆಲೆ ಮನೆಯ ಬೆಲೆಯನ್ನು ನುಂಗಿಹಾಕಿದೆ.

ಮಲ್ಲೇಶ್ವರದಲ್ಲಿ ನಮ್ಮಜ್ಜ 1930ರ ದಶಕದಲ್ಲಿ ಕಟ್ಟಿಸಿದ ಬಂಗಲೆ, ಪಾಲಿನ ವ್ಯಾಜ್ಯದಿಂದಾಗಿ ವರ್ಷಗಟ್ಟಲೆ ಬೀಗ ಹಾಕಿಕೊಂಡೇ ಇತ್ತು. ಕೊನೆಗೆ ಅದು ನನಗೂ ತಂಗಿಗೂ ಬಂದಾಗ, ಕೆಡವಲು ಒಪ್ಪಿದರೆ ಇಬ್ಬರಿಗೂ ಎರಡೆರಡು ಫ್ಲ್ಯಾಟ್ ಕೊಡುವುದಾಗಿ ಬಿಲ್ಡರೊಬ್ಬರು ಮುಂದೆ ಬಂದರು. ತಂಗಿಗೆ ಮಗಳ ಓದಿನ ಖರ್ಚಿತ್ತು. ಮಾರೋಣವೆಂಬ ಅವಳ ಮಾತಿನಲ್ಲಿ ನ್ಯಾಯವಿತ್ತು. ಅವಳ ಪಾಲನ್ನು ಕೊಳ್ಳಲು ನಾನು ಸಾಲ ಮಾಡಬೇಕಾಯಿತು.

ದುರಸ್ತಿಗೆಂದು ಬಂದ ಗುತ್ತಿಗೆದಾರರ ಸಲಹೆ ಒಂದೇ: ಹಳೆಯ ಗಾರೆ ಕೆತ್ತಿ ಸಿಮೆಂಟ್ ಬಳಿಯುವುದು. ಆದರೆ ಹಿಂದೆ ಸಿಮೆಂಟ್ ಮೆತ್ತಿದ್ದ ಕಡೆಯೇ ಗೋಡೆ ಹೆಚ್ಚು ಹಾಳಾಗಿತ್ತು. ಸುಣ್ಣದ ಗಾರೆ ಗೋಡೆಯೊಳಗಿನ ತೇವವನ್ನು ಗಾಳಿಗೆ ಬಿಟ್ಟುಕೊಡುತ್ತದೆ; ಸಿಮೆಂಟ್ ಆ ದಾರಿಯನ್ನು ಮುಚ್ಚುತ್ತದೆ. ಒಳಗೇ ಉಳಿದ ತೇವದಿಂದ ಇಟ್ಟಿಗೆ ಪುಡಿಯಾಗುತ್ತದೆ, ಗೋಡೆಯಲ್ಲಿ ಹುದುಗಿದ ತೊಲೆಯ ತುದಿ ಕೊಳೆಯುತ್ತದೆ. ನಾವು ಸಿಮೆಂಟ್ ತೆಗೆಸಿ, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಬೆರೆಸಿದ ಗಾರೆಯನ್ನೇ ಹಾಕಿಸಿದೆವು. ಅದು ಗಟ್ಟಿಯಾಗುವುದು ನಿಧಾನ. ಅದನ್ನು ಬಲ್ಲ ಕೆಲಸಗಾರರನ್ನು ಹುಡುಕುವುದು ಇನ್ನೂ ನಿಧಾನ. ಗೆದ್ದಲು ತಿಂದ ತೊಲೆಗಳನ್ನಷ್ಟೇ ಬದಲಿಸಿ ಮದ್ರಾಸ್ ತಾರಸಿಯನ್ನು ಉಳಿಸಿಕೊಂಡೆವು. ನೀರಿನ ಕೊಳವೆಗಳು ಹಳೆಯ ಗೋಡೆಯನ್ನು ಸೀಳದಂತೆ ಸ್ನಾನಗೃಹಗಳನ್ನು ಹಿತ್ತಿಲಿನಲ್ಲಿ ಹೊಸದಾಗಿ ಕಟ್ಟಿಸಿದೆವು. ವಿದ್ಯುತ್ ತಂತಿಗಳು ಗೋಡೆಯ ಹೊರಮೈಯಲ್ಲಿ ಮರದ ಪಟ್ಟಿಯ ಮೇಲೆ ಸಾಗುತ್ತವೆ. ಹಲಗೆ ಹೊಡೆದು ಮುಚ್ಚಿದ್ದ ಗವಾಕ್ಷಿಗಳನ್ನು ತೆರೆದ ಮೇಲೆ ಏಪ್ರಿಲ್ ತಿಂಗಳಲ್ಲೂ ಎ.ಸಿ. ಬೇಕೆನಿಸಲಿಲ್ಲ. ಆಧುನಿಕ ಬದುಕಿಗೆ ಹಳೆಯ ಮನೆ ಒಗ್ಗದೆಂಬ ಮಾತು ಪೂರ್ತಿ ನಿಜವಲ್ಲ.

ಆದರೆ ಸಾಲ ಸಿಗದ ಮನೆಯೊಡೆಯ ಏನು ಮಾಡಬೇಕು? ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ಆರಂಭಿಸಿದಾಗ ಪ್ರತಿಭಟನೆಯಿಂದ ಅದು ಉಳಿಯಿತು; 2016ರಲ್ಲಿ ವಸ್ತುಸಂಗ್ರಹಾಲಯವೂ ಆಯಿತು. ಹೆಸರಿಲ್ಲದವರ ಮನೆಗಳಿಗೆ ಆ ಭಾಗ್ಯವಿಲ್ಲ. ಎಲ್ಲವೂ ವಸ್ತುಸಂಗ್ರಹಾಲಯ ಆಗಬೇಕಿಲ್ಲ ಕೂಡ. ಮುಂಬೈ 1995ರ ಪಾರಂಪರಿಕ ನಿಯಮಗಳಲ್ಲೇ ಇಂಥ ಕಟ್ಟಡಗಳ ಮಾಲೀಕರಿಗೆ ಅಭಿವೃದ್ಧಿ ಹಕ್ಕು ವರ್ಗಾವಣೆಯ ಅವಕಾಶ ಕಲ್ಪಿಸಿತು. ಕಟ್ಟಬಹುದಾಗಿದ್ದ ಅಂತಸ್ತುಗಳ ಹಕ್ಕನ್ನು ಬೇರೆಡೆಗೆ ಮಾರಿ, ಆ ಹಣದಿಂದ ಹಳೆಯ ಮನೆಯನ್ನು ನೋಡಿಕೊಳ್ಳಬಹುದು. ರಸ್ತೆ ವಿಸ್ತರಣೆಗೆ ಜಾಗ ಬಿಟ್ಟವರಿಗೆ ಟಿಡಿಆರ್ ಕೊಡುವ ಪದ್ಧತಿ ನಮ್ಮಲ್ಲಿ ಹೊಸದೇನಲ್ಲ. ಮನೆ ಉಳಿಸಿಕೊಂಡವರಿಗೂ ಅದು ಅಲೆದಾಟವಿಲ್ಲದೆ ಕೈಗೆಟುಕಬೇಕು; ಆಸ್ತಿ ತೆರಿಗೆಯಲ್ಲಿ ರಿಯಾಯಿತಿಯೂ ದೊರೆಯಬೇಕು.

ಪರಂಪರೆ ಊರಿನ ಸೊತ್ತು ಎನ್ನುತ್ತೇವೆ. ಹಾಗಿದ್ದಲ್ಲಿ ಅದರ ವೆಚ್ಚವೂ ಊರಿನದೇ ಅಲ್ಲವೇ? ಮನೆಯೊಡೆಯನೊಬ್ಬನೇ ಆ ಹೊರೆ ಹೊರಬೇಕೆಂದರೆ ಅವನು ಬಿಲ್ಡರನ ಫೋನ್ ಕರೆಗೆ ಓಗೊಡುವುದರಲ್ಲಿ ಆಶ್ಚರ್ಯವಿಲ್ಲ.